ಮರದ ಮೇಲಿದ್ದ ಸಂಖ್ಯೆ

ಗಂಡು ಮಂಗಟ್ಟೆ ಗಂಟಲಿನಿಂದ ಹಣ್ಣುಗಳನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಪೊಟರೆಯ ಸೀಳಿನೊಳಗೆ ದಾಟಿಸುವುದನ್ನು ನಾನು ನೋಡಿದ್ದಕ್ಕೆ ಲೆಕ್ಕವಿಲ್ಲ. ಕಾಡಿನಲ್ಲಿ ನೋಡಿದ್ದಲ್ಲ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಪುಟ್ಟ ಕೋಣೆಯಲ್ಲಿ, ಒಂದು ಕಾಲು ಸ್ವಲ್ಪ ಗಿಡ್ಡವಾಗಿದ್ದ ಕುರ್ಚಿಯ ಮೇಲೆ ಕುಳಿತು ನೋಡಿದ್ದು. ನಾನು ಚಿತ್ರ ಸಂಕಲನ ಮಾಡುವವನು. ಗೆಳೆಯನೊಬ್ಬ ದಾಂಡೇಲಿ ಕಡೆಯ ಕಾಡಿನಲ್ಲಿ ಗೂಡಿನೆದುರು ಮರೆ ಕಟ್ಟಿಕೊಂಡು ಮೂರು ವಾರ ಕುಳಿತು ಮೂವತ್ತೆಂಟು ಟೇಪು ತಂದಿದ್ದ. ಅವುಗಳನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುವುದು ನನ್ನ ಪಾಲಿನ ಕೆಲಸ.

ಟೇಪುಗಳಲ್ಲಿ ಬಹುಪಾಲು ಏನೂ ನಡೆಯುವುದಿಲ್ಲ. ಮರದ ಕಾಂಡ, ಅದರಲ್ಲೊಂದು ಸೀಳು, ಸೀಳಿನಲ್ಲಿ ಆಗಾಗ ಹೆಣ್ಣಿನ ಕೊಕ್ಕಿನ ತುದಿ. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣು ಪೊಟರೆ ಸೇರಿ, ಹಿಕ್ಕೆಯನ್ನೇ ಗಾರೆಯಾಗಿಸಿ ಬಾಗಿಲು ಮೆತ್ತಿಕೊಂಡುಬಿಡುತ್ತದೆ. ಅಲ್ಲಿಂದ ವಾರಗಟ್ಟಲೆ ಗಂಡು ತಂದರೆ ಊಟ, ಇಲ್ಲವಾದರೆ ಇಲ್ಲ. ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ಹಳೆಯ ಉಗಿಬಂಡಿ ಏದುಸಿರು ಬಿಟ್ಟ ಹಾಗೆ. ಅದರ ಬೆನ್ನಿಗೇ ಟೇಪಿನಲ್ಲಿ ಗೆಳೆಯನ ಪಿಸುಮಾತು: "ಬಂದ." ಪ್ರತಿ ಸಲವೂ ಅದೇ ಒಂದು ಪದ. ಮನೆಯ ಯಜಮಾನ ಬಾಗಿಲಿಗೆ ಬಂದಂತೆ. ಆಮೇಲೆ ಹಣ್ಣಿನ ಎಣಿಕೆ. ಗಂಡು ಕತ್ತನ್ನು ಒಮ್ಮೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಕೊಕ್ಕಿನ ತುದಿಯಲ್ಲಿ ಅತ್ತಿಹಣ್ಣೊಂದು ಪ್ರತ್ಯಕ್ಷವಾಗುತ್ತದೆ, ಒಳಗಿನ ಕೊಕ್ಕು ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಮಧ್ಯಾಹ್ನ ಹದಿನೇಳು ಹಣ್ಣು ಬಂದವು. ಹದಿನೆಂಟನೆಯದಕ್ಕೆ ಹಲ್ಲಿ. ಒಳಗಿನಾಕೆ ಅದನ್ನೂ ಬೇಡವೆನ್ನಲಿಲ್ಲ.

ಏಳನೆಯ ಟೇಪಿನಲ್ಲಿ ಬೆಳಗಿನ ಮಂಜಿನಲ್ಲಿ ಇಡೀ ಮರ ಕಾಣುವ ಶಾಟ್ ಒಂದಿತ್ತು. ಚಿತ್ರ ಅದರಿಂದಲೇ ಶುರುವಾಗಬೇಕು ಎಂದು ನೋಡಿದ ಕೂಡಲೇ ತೀರ್ಮಾನಿಸಿದೆ. ಒಂದೇ ತೊಡಕು. ಕಾಂಡದಲ್ಲಿ, ಮನುಷ್ಯನ ಎದೆಮಟ್ಟದಲ್ಲಿ, ತೊಗಟೆ ಹೆರೆದು ಬಿಳಿ ಬಣ್ಣದಲ್ಲಿ 217 ಎಂದು ಬರೆದಿತ್ತು. ಗೆಳೆಯನಿಗೆ ಫೋನ್ ಮಾಡಿ ಕೇಳಿದೆ. "ರಸ್ತೆ ಅಗಲ ಮಾಡುತ್ತಾರಂತೆ, ಅದಕ್ಕೆ ಹಾಕಿದ ನಂಬರ್" ಎಂದ. ಚೌಕಟ್ಟನ್ನು ಕೊಂಚ ಹಿಗ್ಗಿಸಿ ಮೇಲಕ್ಕೆ ಸರಿಸಿದೆ. ಸಂಖ್ಯೆ ಪರದೆಯ ಕೆಳಗೆ ಜಾರಿಹೋಯಿತು. ಒಂದು ನಿಮಿಷದ ಕೆಲಸವೂ ಅಲ್ಲ.

ಚಿತ್ರವನ್ನು ಜನ ಮೆಚ್ಚಿದರು. ಮರದ ಫಲಕವೊಂದು ಬಹುಮಾನವಾಗಿಯೂ ಬಂತು (ಮರದ್ದೇ!). ಎರಡು ವರ್ಷದ ಮೇಲೆ ಗೆಳೆಯ ಆ ದಾರಿಯಲ್ಲಿ ಹೋದಾಗ ಮರ ಇರಲಿಲ್ಲ.

ನಮ್ಮ ಕಸುಬಿಗೆ ಸುಳ್ಳು ಹೊಸದೇನಲ್ಲ. ದೂರದ ಲೆನ್ಸಿನಲ್ಲಿ ಹಿಡಿದ ಪ್ರಾಣಿಯ ಹೆಜ್ಜೆ ಸದ್ದು ಮೈಕಿಗೆ ಸಿಗುವುದಿಲ್ಲ. ನೀವು ಟಿವಿಯಲ್ಲಿ ಕೇಳುವ ತರಗೆಲೆಯ ಚರಪರ ಹೆಚ್ಚಾಗಿ ಯಾವುದೋ ಸ್ಟುಡಿಯೊದಲ್ಲಿ ಯಾರೋ ಕೈಯಿಂದ ಮಾಡಿದ್ದು. ಇದನ್ನು ನಾನು ತಪ್ಪು ಎನ್ನುವುದಿಲ್ಲ. 1958ರಲ್ಲಿ ಡಿಸ್ನಿ ಸಂಸ್ಥೆಯ 'ವೈಟ್ ವೈಲ್ಡರ್ನೆಸ್' ಬಂತು. ಲೆಮ್ಮಿಂಗ್ ಎಂಬ ಇಲಿಜಾತಿಯ ಜೀವಿಗಳು ಹಿಂಡುಹಿಂಡಾಗಿ ಕಡಿದಾದ ದಂಡೆಯಿಂದ ನೀರಿಗೆ ಹಾರಿ ಸಾಯುವುದನ್ನು ಅದು ಜಗತ್ತಿಗೆ ತೋರಿಸಿತು, ಆಸ್ಕರ್ ಕೂಡ ಪಡೆಯಿತು. 1982ರಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದು ಗುಟ್ಟು ಬಿಚ್ಚಿಟ್ಟಿತು: ಆ ಪ್ರಾಣಿಗಳನ್ನು ಬೇರೆಡೆಯಿಂದ ತರಿಸಿ, ಚಿತ್ರೀಕರಣದವರೇ ದಂಡೆಯಿಂದ ತಳ್ಳಿದ್ದರು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಕಟ್ಟುಕಥೆ ಇಂದಿಗೂ ಸತ್ತಿಲ್ಲ. ನಾನು ಯಾವ ಪ್ರಾಣಿಯನ್ನೂ ನೀರಿಗೆ ತಳ್ಳಿದವನಲ್ಲ. ಒಂದು ಸಂಖ್ಯೆಯನ್ನು ಚೌಕಟ್ಟಿನಿಂದ ಕೆಳಕ್ಕೆ ತಳ್ಳಿದೆ, ಅಷ್ಟೆ.

ಆ 'ಅಷ್ಟೆ' ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದ್ದ ದಿನಗಳಲ್ಲೇ ನಾನು ವನ್ಯಜೀವಿ ಚಿತ್ರಗಳನ್ನು ಮಾಡುವ ಶೇಖರ್ ದತ್ತಾತ್ರಿಯವರ ಬದುಕಿನ ಬೆನ್ನು ಹತ್ತಿದ್ದು. ಚೆನ್ನೈನವರು. ಹದಿಮೂರನೆಯ ವಯಸ್ಸಿಗೆ ಮದ್ರಾಸಿನ ಹಾವಿನ ಉದ್ಯಾನದಲ್ಲಿ ಸ್ವಯಂಸೇವಕರಾಗಿ ಸೇರಿಕೊಂಡರು. ಹಾವುಗಳ ತಜ್ಞ ರೊಮ್ಯುಲಸ್ ವಿಟೇಕರ್ ಕಟ್ಟಿದ ಜಾಗ ಅದು. ಕ್ಯಾಮೆರಾ ಅವರ ಕೈಗೆ ಬಂದದ್ದು ಹಾವುಗಳ ದಾರಿಯಿಂದಲೇ. 1987ರಲ್ಲಿ ಇತರರ ಜೊತೆಗೂಡಿ ಮಾಡಿದ ಮೊದಲ ಚಿತ್ರ ಇರುಳರೆಂಬ ಬುಡಕಟ್ಟಿನವರ ಹಾವು ಹಿಡಿಯುವ ಸಹಕಾರ ಸಂಘದ ಬಗ್ಗೆ, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಹಾವಿನ ಚರ್ಮದ ವ್ಯಾಪಾರ ನಿಂತು ಅನ್ನ ಕಳೆದುಕೊಂಡ ಇರುಳರು, ಹಾವನ್ನು ಕೊಲ್ಲುವ ಬದಲು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಕಥೆ. ಆ ವಿಷದಿಂದಲೇ ಹಾವು ಕಚ್ಚಿದವರಿಗೆ ಮದ್ದು ತಯಾರಾಗುತ್ತದೆ. ಮೊದಲ ಚಿತ್ರದಲ್ಲೇ ಹಾವಿನ ಜೊತೆ ಮನುಷ್ಯನ ಹೊಟ್ಟೆಪಾಡೂ ಇತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮುಂದಿನದು ಈ ಕ್ಷೇತ್ರದ ಯಾರಿಗೇ ಆದರೂ ಅಸೂಯೆ ಹುಟ್ಟಿಸುವಂಥ ವೃತ್ತಿಜೀವನ. ಅಣೆಕಟ್ಟಿನ ಯೋಜನೆಯಿಂದ ಪಾರಾದ ಕೇರಳದ ಸೈಲೆಂಟ್ ವ್ಯಾಲಿಯ ಮಳೆಕಾಡಿನ ಚಿತ್ರ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೈಂಟಿಫಿಕ್ ಫಿಲಂಸ್‌ನಲ್ಲಿ ತರಬೇತಿ, ವಿದೇಶಿ ವಾಹಿನಿಗಳಿಗೆ ಕೆಲಸ, ನಮ್ಮ ನಾಗರಹೊಳೆಯ ಬಗ್ಗೆ ಒಂದು ಪೂರ್ಣ ಚಿತ್ರ. ಲೋಕವೇ ನೋಡುವ ಪರದೆ, ಕೈತುಂಬ ಕೆಲಸ. 2000ದ ಸುಮಾರಿಗೆ ಅವರು ಅದನ್ನು ಬಿಟ್ಟರು.

ಬಿಟ್ಟರು ಎಂದು ಬರೆಯುವುದು ಸುಲಭ. ವನ್ಯಜೀವಿ ಚಿತ್ರಕ್ಕೆ ಹಣ ಹಾಕುವವರೇ ಬೆರಳೆಣಿಕೆಯಷ್ಟು ಮಂದಿ. ಒಂದು ಪ್ರಾಣಿಯ ಹಿಂದೆ ವರ್ಷಗಟ್ಟಲೆ ತಿರುಗುವವನಿಗೆ ಜೀಪು, ಲೆನ್ಸು, ಸಹಾಯಕ, ಪರವಾನಗಿ ಎಲ್ಲದಕ್ಕೂ ಯಾರಾದರೂ ಕೊಡಬೇಕು, ಮತ್ತು ಆ ಯಾರಾದರೂ ಎಂದರೆ ವಾಹಿನಿಗಳು. ಅವರಿಗೆ ಬೇಕಾದದ್ದು ಊರು, ರಸ್ತೆ, ವಿದ್ಯುತ್ ತಂತಿ, ಬಿಳಿ ಬಣ್ಣದ ಸಂಖ್ಯೆ ಏನೂ ಕಾಣದ ಕಾಡು. ಅಂಥ ಕಾಡನ್ನು ಕೋಟ್ಯಂತರ ಜನ ಸೋಫಾದಲ್ಲಿ ಕುಳಿತು ನೋಡಿ, ಆಹಾ ಎಂದು, ವಾಹಿನಿ ಬದಲಿಸುತ್ತಾರೆ. ಇದರಿಂದ ಕಾಡಿಗೆ ನೇರವಾಗಿ ದಕ್ಕುವುದೇನು ಎಂಬ ಅಸಮಾಧಾನವೇ ದತ್ತಾತ್ರಿಯವರನ್ನು ಹೊರಗೆ ತಂದದ್ದು. ಆಮೇಲಿನ ಅವರ ಚಿತ್ರಗಳ ಲೆಕ್ಕಾಚಾರವೇ ಬೇರೆ. ಎಷ್ಟು ಜನ ನೋಡಿದರು ಎಂಬುದು ಅಲ್ಲಿ ಹಿಂದಕ್ಕೆ ಸರಿಯಿತು, ಯಾರು ನೋಡಿದರು ಎಂಬುದು ಮುಂದಕ್ಕೆ ಬಂತು.

ಹಾಗೆ ಬಂದ ಮೊದಲ ಚಿತ್ರ 2001ರದ್ದು, ಕುದುರೆಮುಖದ ಗಣಿಗಾರಿಕೆಯ ಕುರಿತು. ಹತ್ತು ಹನ್ನೆರಡು ನಿಮಿಷದ್ದು. ನಮ್ಮ ಮಂಗಟ್ಟೆಯ ಅರ್ಧದಷ್ಟು!

ಕುದುರೆಮುಖದ ಕಥೆ ಕನ್ನಡಿಗರಿಗೆ ಗೊತ್ತಿರುವುದೇ, ಆದರೂ ಎರಡು ಮಾತು. 1969ರಲ್ಲಿ ಕೊಟ್ಟ 30 ವರ್ಷದ ಗಣಿ ಗುತ್ತಿಗೆ. ಇರಾನಿಗೆ ಕಬ್ಬಿಣದ ಅದಿರು ಕಳಿಸುವ ಯೋಜನೆ. ಗಣಿ ಕಾರ್ಯಾರಂಭ ಮಾಡುವ ಹೊತ್ತಿಗೆ 1979ರ ಕ್ರಾಂತಿ ನಡೆದು, ಕೊಳ್ಳಬೇಕಾದ ದೊರೆ ಷಾ ದೇಶವನ್ನೇ ಬಿಟ್ಟಿದ್ದರು. ಗುಡ್ಡ ಅಗೆಯುವುದು ಮಾತ್ರ ನಿಲ್ಲಲಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಬೆಟ್ಟಸಾಲು ಅದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದ ಬಳಿಕ 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಕಾಡಿಗೊಂದು ಕಾನೂನು, ಅದರ ಹೊಟ್ಟೆಯೊಳಗಿನ ಗಣಿಗೆ ಇನ್ನೊಂದು. ಮಲೆನಾಡಿನ ಮಳೆ ಬೋಳು ಗುಡ್ಡದ ಮೇಲೆ ಸುರಿದರೆ ಏನಾಗುತ್ತದೆ ಎಂದು ತಿಳಿಯಲು ವಿಜ್ಞಾನ ಓದಬೇಕಿಲ್ಲ. ಭದ್ರೆಯ ಬಣ್ಣ ನೋಡಿದರೆ ಸಾಕು.

ಆದರೆ ತೀರ್ಮಾನ ತೆಗೆದುಕೊಳ್ಳುವವರು ಕುಳಿತಿರುವುದು ಭದ್ರೆಯ ದಡದಲ್ಲಿ ಅಲ್ಲವಲ್ಲ. ಅವರ ಮುಂದೆ ಕಡತಗಳಿರುತ್ತವೆ. ನೀರಿನಲ್ಲಿ ತೇಲುವ ಹೂಳು ಲೀಟರಿಗೆ ಇಷ್ಟು ಎಂದು ಒಬ್ಬ ತಜ್ಞ, ಅಷ್ಟೇನಿಲ್ಲ ಎಂದು ಎದುರಿನ ತಜ್ಞ. ಕಾಗದದ ಮೇಲೆ ಇಬ್ಬರೂ ಒಂದೇ ತೂಕ. ಅಲ್ಲಿ ಕೆಸರು ಹೊತ್ತ ಹೊಳೆಯನ್ನು ತಂದು ಮೇಜಿನ ಮೇಲೆ ಸುರಿಯಲು ಸಾಧ್ಯವಿರುವುದು ಕ್ಯಾಮೆರಾಗೆ ಮಾತ್ರ. ವೈಲ್ಡ್‌ಲೈಫ್ ಫಸ್ಟ್ ಸಂಘಟನೆಗಾಗಿ ದತ್ತಾತ್ರಿ ಮಾಡಿಕೊಟ್ಟದ್ದು ಅದನ್ನೇ. ಸಿನಿಮಾ ಎನ್ನುವುದಕ್ಕಿಂತ, ದೃಶ್ಯದಲ್ಲಿ ಬರೆದ ಅರ್ಜಿ. ಅರ್ಜಿ ಚಿಕ್ಕದಾಗಿರಬೇಕು, ಏನು ಬೇಕೆಂದು ಸ್ಪಷ್ಟವಾಗಿ ಹೇಳಬೇಕು, ಓದುವವರ ಸಮಯ ತಿನ್ನಬಾರದು. ಸಂಕಲನಕಾರನಾಗಿ ನನಗಿದು ಕಸಿವಿಸಿ ತರುವ ಮಾತು. ನಾವು ಕಲಿತದ್ದು ದೃಶ್ಯ ಉಸಿರಾಡಲು ಬಿಡು, ನೋಡುವವನೇ ಅರ್ಥ ಮಾಡಿಕೊಳ್ಳಲಿ ಎಂದು. ಅರ್ಜಿಗೆ ಉಸಿರಾಟ ಬೇಕಿಲ್ಲ. ಅದಕ್ಕೆ ಬೇಕಾದದ್ದು ಸಹಿ.

ಗುತ್ತಿಗೆ 1999ರಲ್ಲೇ ಮುಗಿದಿತ್ತು, ವಿಸ್ತರಣೆಯ ಪ್ರಯತ್ನ ನಡೆದಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: 2005ರ ಕೊನೆಗೆ ಗಣಿ ನಿಲ್ಲಬೇಕು. ನಿಂತಿತು.

ಚಿತ್ರವೇ ಗಣಿ ಮುಚ್ಚಿಸಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆ ಪ್ರಕರಣ ಕಾನೂನಿನ ಪುಸ್ತಕಗಳಲ್ಲಿ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಮಾತು ಹಿಡಿತಕ್ಕೆ ಬರುತ್ತದೆ. ಅರ್ಜಿದಾರರ ಹೆಸರು ಕೆ.ಎಂ. ಚಿಣ್ಣಪ್ಪ. ಕೊಡಗಿನವರು, ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿದ್ದವರು. ಕಳ್ಳಬೇಟೆಗಾರರಿಗೆ ಸಿಂಹಸ್ವಪ್ನವಾಗಿ ಬಾಳಿ, 1993ರಲ್ಲಿ ನೌಕರಿ ಬಿಟ್ಟು, ಮತ್ತೆ ಸುಮ್ಮನೆ ಕೂರದವರು. 2024ರಲ್ಲಿ ತೀರಿಕೊಂಡರು. ಸಮೀಕ್ಷೆ ಮಾಡಿದ ವಿಜ್ಞಾನಿ, ದಾಖಲೆ ಜೋಡಿಸಿದ ಕಾರ್ಯಕರ್ತರು, ವಾದಿಸಿದ ವಕೀಲರು, ಕೋರ್ಟು ಮೆಟ್ಟಿಲು ಹತ್ತಿದ ಈ ನಿವೃತ್ತ ರೇಂಜರ್ ಇವರೆಲ್ಲ ಹೂಡಿದ ಬಂಡಿಗೆ ಚಿತ್ರವೂ ಒಂದು ಹೆಗಲು ಕೊಟ್ಟಿತು. ಒಂಟಿಯಾಗಿ ಅದು ಬಂಡಿಯನ್ನು ಎಳೆಯುತ್ತಿರಲಿಲ್ಲ. ಬೇರೆ ಯಾರೂ ಹೂಡದ ಬಂಡಿಗೆ ನಮ್ಮ ಮಂಗಟ್ಟೆಯ ಚಿತ್ರ ಹೆಗಲು ಕೊಟ್ಟರೂ ಏನಾಗುತ್ತಿತ್ತೋ!

ಕುದುರೆಮುಖದ ನಂತರ ಒಡಿಶಾದ ಕಡಲಾಮೆಗಳ ಚಿತ್ರ ಬಂತು, 2003ರಲ್ಲಿ. ಲಕ್ಷಗಟ್ಟಲೆ ಆಲಿವ್ ರಿಡ್ಲೆ ಆಮೆಗಳು ಒಮ್ಮೆಗೇ ದಡಕ್ಕೆ ಬಂದು ಮೊಟ್ಟೆಯಿಡುವುದನ್ನು ಎಲ್ಲ ವಾಹಿನಿಗಳೂ ತೋರಿಸುತ್ತವೆ. ಟ್ರಾಲರ್ ಬಲೆಗೆ ಸಿಕ್ಕ ಆಮೆ ಮೇಲೆ ಬಂದು ಉಸಿರೆಳೆದುಕೊಳ್ಳಲಾಗದೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ ಎಂಬುದನ್ನು ತೋರಿಸುವವರು ಕಡಿಮೆ. 2004ರಲ್ಲಿ ರೋಲೆಕ್ಸ್ ಪ್ರಶಸ್ತಿ, 2010ರಲ್ಲಿ ಹುಲಿ ಉಳಿಯಲು ನಿಜಕ್ಕೂ ಏನು ಬೇಕು ಎಂದು ವಿವರಿಸುವ ಚಿತ್ರ. ಅದನ್ನು ಮಾರಾಟಕ್ಕಿಡದೆ ಹಂಚಿದರು. ಅದೇ ವರ್ಷ ರಾಮ್ಕಿ ಶ್ರೀನಿವಾಸನ್ ಅವರೊಡನೆ 'ಕನ್ಸರ್ವೇಶನ್ ಇಂಡಿಯಾ' ಎಂಬ ಜಾಲತಾಣ.

ಆ ಜಾಲತಾಣದ ಮೂಲಕ 2012ರಲ್ಲಿ ಹೊರಬಿದ್ದ ಒಂದು ದಾಖಲೆ ನನ್ನ ವೃತ್ತಿಗರ್ವವನ್ನು ಮುರಿದು ಹಾಕಿತು. ನಾಗಾಲ್ಯಾಂಡಿನ ಪಾಂಗ್ಟಿ ಎಂಬ ಹಳ್ಳಿ, ದೋಯಾಂಗ್ ಜಲಾಶಯದ ಪಕ್ಕ. ಆಫ್ರಿಕಾದ ದಕ್ಷಿಣಕ್ಕೆ ಹಾರಿಹೋಗುವ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿಗಳು ಅಲ್ಲಿ ಕೆಲವು ವಾರ ತಂಗುತ್ತವೆ. ರಾತ್ರಿ ಕೂರುವ ಮರಗಳ ನಡುವೆ ಮೀನಿನ ಬಲೆ ಕಟ್ಟಿ ಅವುಗಳನ್ನು ಹಿಡಿಯುತ್ತಿದ್ದರು. ಒಂದು ಋತುವಿಗೆ 1,20,000ದಿಂದ 1,40,000 ಹಕ್ಕಿ ಎಂದು ಅಂದಾಜು. ಅಲ್ಲಿ ಹೋದವರು ಕಂಡದ್ದನ್ನು ಕಂಡ ಹಾಗೆಯೇ ಚಿತ್ರೀಕರಿಸಿ ಜಗತ್ತಿನ ಮುಂದಿಟ್ಟರು. ಕೊಳಲಿಲ್ಲ, ಮಂಜು ಮುಸುಕಿದ ಮುಂಜಾವಿಲ್ಲ. ಸರ್ಕಾರ, ಚರ್ಚು, ಗ್ರಾಮಸಭೆ ಎಲ್ಲರೂ ಎಚ್ಚೆತ್ತರು. ಮರುವರ್ಷ, 2013ರಲ್ಲಿ, ಅಲ್ಲಿ ಹಕ್ಕಿಗಳ ಬೇಟೆ ನಡೆಯಲಿಲ್ಲ. ಬಲೆ ಹಾಕುತ್ತಿದ್ದ ಊರಿನವರೇ ಕಾವಲಿಗೆ ನಿಂತರು.

ಗುಜರಾತಿನ ಕರಾವಳಿಯದ್ದು ಇನ್ನೂ ಹಳೆಯದು. ತಿಮಿಂಗಿಲ ಶಾರ್ಕ್‌ಗೆ ಕೊಕ್ಕೆ ಚುಚ್ಚಿ, ಪೀಪಾಯಿ ಕಟ್ಟಿ, ಅದು ದಣಿಯುವವರೆಗೆ ತೇಲಿಸಿ ಕೊಲ್ಲುತ್ತಿದ್ದರು. ಹಾಗಾಗಿ ಆ ಮೀನಿನ ಹೆಸರೇ ಅಲ್ಲಿ 'ಬ್ಯಾರಲ್' ಎಂದಾಗಿತ್ತು. ಮೈಕ್ ಪಾಂಡೆ ಅದನ್ನು ಚಿತ್ರ ಮಾಡಿದರು. 2001ರಲ್ಲಿ ಹುಲಿ ಆನೆಗಳಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಅದಕ್ಕೂ ಸಿಕ್ಕಿತು. ಮುಂದೆ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ತವರಿಗೆ ಬಾಣಂತನಕ್ಕೆ ಬರುವ ಮಗಳೆಂದು ಕರೆದ ಮೇಲೆ ಹೆಸರೂ ಬದಲಾಯಿತು: ವ್ಹಾಲಿ, ಪ್ರೀತಿಯವಳು.

ಇಷ್ಟು ಹೇಳಿದ ಮೇಲೆ, ಸುಂದರ ಚಿತ್ರಗಳಿಗೆ ಬೆಲೆಯೇ ಇಲ್ಲ ಎಂದು ನಾನು ವಾದಿಸಿದರೆ ಮೈಸೂರಿನ ಕೃಪಾಕರ ಸೇನಾನಿ ಎದುರು ಬಂದು ನಿಲ್ಲುತ್ತಾರೆ. 1997ರಲ್ಲಿ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿಟ್ಟುಕೊಂಡ ಜೋಡಿಯೆಂದೇ ಹಲವರಿಗೆ ಇವರ ನೆನಪು. ಆದರೆ ಅವರ ಬದುಕಿನ ದೊಡ್ಡ ಭಾಗ ಕಳೆದದ್ದು ಸೀಳುನಾಯಿಗಳ ಹಿಂದೆ. ಬ್ರಿಟಿಷರ ಕಾಲದಲ್ಲಿ ಕೊಂದವರಿಗೆ ಇನಾಮು ಕೊಡುತ್ತಿದ್ದ ಪ್ರಾಣಿ. ಬದುಕಿರುವಾಗಲೇ ಬೇಟೆಯನ್ನು ಹರಿದು ತಿನ್ನುತ್ತದೆಂದು ಕಾಡನ್ನು ಪ್ರೀತಿಸುವವರೂ ಅಸಹ್ಯಪಡುತ್ತಿದ್ದ ಪ್ರಾಣಿ. ಅದಕ್ಕೂ ಸಂಸಾರವಿದೆ, ಮರಿಗಳಿಗೆ ಮೊದಲ ಊಟ ಬಿಡುವ ಶಿಸ್ತಿದೆ ಎಂದು ಇವರು ವರ್ಷಗಟ್ಟಲೆ ಕಾದು ತೋರಿಸಿದರು. 2010ರಲ್ಲಿ ಅವರ 'ದಿ ಪ್ಯಾಕ್'ಗೆ ಹಸಿರು ಆಸ್ಕರ್ ಎಂದು ಕರೆಯಲಾಗುವ ಪಾಂಡಾ ಪ್ರಶಸ್ತಿ ಸಿಕ್ಕಿತು. ಆ ಚಿತ್ರ ಯಾರ ಮುಂದೆಯೂ ಅರ್ಜಿ ಹಿಡಿದು ನಿಂತದ್ದಲ್ಲ. ಆದರೂ ನೋಡಿದವರ ಮನಸ್ಸಿನಲ್ಲಿ ಸೀಳುನಾಯಿಯ ಮುಖ ಬದಲಾಗಿದೆ, ನನ್ನ ಮನಸ್ಸಿನಲ್ಲಂತೂ ಬದಲಾಗಿದೆ. ಯಾರೂ ಪ್ರೀತಿಸದ ಪ್ರಾಣಿಯ ಪರವಾಗಿ ಅರ್ಜಿ ಬರೆದರೆ ಸಹಿ ಹಾಕುವವರಾದರೂ ಯಾರು? ಹಾಗಾಗಿ ನನ್ನ ಜಗಳ ಸೌಂದರ್ಯದೊಂದಿಗಲ್ಲ. ಸೌಂದರ್ಯ ಕೆಡುತ್ತದೆಂದು ಸಂಖ್ಯೆ ಅಳಿಸಿದ ಕೈಯೊಂದಿಗೆ.

ಅರ್ಜಿಚಿತ್ರದ ಬಗ್ಗೆಯೂ ನನಗೆ ಒಂದು ಇರಿಸುಮುರಿಸು ಉಳಿದಿದೆ. ಕೆಲವು ವರ್ಷದ ಹಿಂದೆ ಕುದುರೆಮುಖದ ಗಣಿ ಪಟ್ಟಣದಲ್ಲಿ ಸುತ್ತಾಡಿದ್ದೆ. ಬೀಗ ಹಾಕಿದ ಮನೆಗಳ ಸಾಲು, ಸಿಮೆಂಟಿನ ಮೇಲೆ ಹಬ್ಬಿದ ಪಾಚಿ, ಒಂದು ಅಂಗಳದಲ್ಲಿ ಆರೈಕೆಯಿಲ್ಲದೆಯೂ ಕೆಂಪಗೆ ಹೂ ಬಿಟ್ಟು ನಿಂತ ದಾಸವಾಳ. ಅದನ್ನು ನೆಟ್ಟ ಕೈಗಳಿಗೆ ಆ ತೀರ್ಪು ಹೇಗೆ ಕಂಡಿರಬಹುದು? ಗಣಿ ನಿಂತದ್ದು ಸರಿ ಎಂದು ಈಗಲೂ ನಂಬಿದ್ದೇನೆ. ಆದರೆ ಹತ್ತು ಹನ್ನೆರಡು ನಿಮಿಷದಲ್ಲಿ ಒಂದು ಹೊಳೆಯ ಪರ ವಾದಿಸುವ ಯಾವ ಚಿತ್ರದಲ್ಲೂ ಆ ದಾಸವಾಳಕ್ಕೆ ಜಾಗ ಸಿಗುವುದಿಲ್ಲ. ಅದೂ ಚೌಕಟ್ಟಿನಿಂದ ಕೆಳಗೆ ಜಾರುತ್ತದೆ. ಇರುಳರ ಹೊಟ್ಟೆಪಾಡಿನ ಚಿತ್ರ ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ಅಲ್ಲಿ ಹಾವೂ ಬದುಕಿತು, ಹಾವು ಹಿಡಿಯುವವನೂ ಬದುಕಿದ. ಎಲ್ಲ ಕಥೆಗಳೂ ಹಾಗೆ ಒದಗಿಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಗೆಳೆಯ ಫೋನ್ ಮಾಡಿದ. ಬೇರೊಂದು ಕಡೆ, ಬೇರೊಂದು ರಸ್ತೆ. ಅದರ ವಿರುದ್ಧ ಓಡಾಡುತ್ತಿರುವ ಹುಡುಗರು ಮಂಗಟ್ಟೆಯ ದೃಶ್ಯ ಕೇಳಿದ್ದಾರೆ.

"ಮೊದಲ ಶಾಟ್ ಇನ್ನೂ ಇದೆಯೇನೋ?"

"ಚಿತ್ರದಲ್ಲಿದೆಯಲ್ಲ, ಕಳಿಸುತ್ತೇನೆ."

"ಅದಲ್ಲ. ನಂಬರ್ ಇರುವುದು."

ಟೇಪುಗಳು ಅಟ್ಟದ ಟ್ರಂಕಿನಲ್ಲಿದ್ದವು. ನನ್ನ ಪ್ಲೇಯರ್ ಎಂದೋ ಕೆಟ್ಟು ಹೋಗಿದೆ. ಮದುವೆ ವಿಡಿಯೊ ಮಾಡುವ ಪರಿಚಯದವರೊಬ್ಬರ ಅಂಗಡಿಯ ಮೂಲೆಯಲ್ಲಿ ಹಳೆಯದೊಂದು ಸಿಕ್ಕಿತು. ಏಳನೆಯ ಟೇಪು ಹಾಕಿದೆ. ಮೊದಲು ಅಡ್ಡಗೆರೆಗಳು, ಆಮೇಲೆ ಮಂಜು, ಮಂಜಿನೊಳಗಿಂದ ಮರ. ಎದೆಮಟ್ಟದಲ್ಲಿ 217. ಅಂಗಡಿಯವರು ಪಕ್ಕದಲ್ಲಿ ನಿಂತು ನೋಡಿ, "ಆ ನಂಬರ್ ಅಳಿಸಿಕೊಡಲೇ ಸರ್? ಈಗೆಲ್ಲ ಸುಲಭ" ಎಂದರು. ಬೇಡವೆಂದೆ.

ಶಾಟ್ ಮುಗಿದ ಮೇಲೂ ಟೇಪು ಓಡುತ್ತಲೇ ಇತ್ತು. ಗೆಳೆಯ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿರಬೇಕು. ಅವನ ಕೆಮ್ಮು, ಥರ್ಮಾಸಿನ ಮುಚ್ಚಳ ತಿರುವಿದ ಸದ್ದು. ಆಮೇಲೆ ಎಡಗಡೆಯಿಂದ, ಚೌಕಟ್ಟಿನಾಚೆಯಿಂದ, ಲಾರಿಯೊಂದು ಗೇರ್ ಬದಲಿಸಿಕೊಂಡು ಏರು ಹತ್ತುವ ಸದ್ದು. ಅದು ಹತ್ತಿರ ಬಂದು, ಮರದ ಹಿಂದೆಯೇ ಹಾದು, ನಿಧಾನವಾಗಿ ದೂರವಾಯಿತು. ಅಂದು ಅದನ್ನೂ ತೆಗೆದುಹಾಕಿದ್ದೆ. ಆ ಜಾಗದಲ್ಲಿ ಕೊಳಲು ಇಟ್ಟಿದ್ದೆ.